ಬದಲಿ ಉಸಿರು

ಶಹಾಬಾದದಿಂದ ಚಿತ್ತಾಪುರಕ್ಕೆ ರೈಲಿನಲ್ಲಿ ಹೋಗುವವರು ವಾಡಿಯಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿಯಬೇಕು. ಏಳು ವರ್ಷದಿಂದ ರಾಧಿಕಾ ಹೀಗೆ ಇಳಿಯುತ್ತಾಳೆ, ಹತ್ತುತ್ತಾಳೆ. ಚಿತ್ತಾಪುರದ ಕಾಲೇಜೊಂದರಲ್ಲಿ ಅವಳು ಸಂಖ್ಯಾಶಾಸ್ತ್ರ ಕಲಿಸುತ್ತಾಳೆ. ಹುದ್ದೆಯ ಹೆಸರು ಅತಿಥಿ ಉಪನ್ಯಾಸಕಿ. ಏಳು ವರ್ಷ ಪಾಠ ಹೇಳಿದವಳನ್ನು ಇನ್ನೂ ಅತಿಥಿ ಎಂದು ಕರೆಯುವ ಬುದ್ಧಿ ಯಾವ ಪುಣ್ಯಾತ್ಮನಿಗೆ ಹೊಳೆಯಿತೋ ಕಾಣೆ. ಮನೆಗೆ ಬಂದ ಅತಿಥಿಗೆ ಕೂಡಲು ಒಂದು ಚಾಪೆಯನ್ನಾದರೂ ಹಾಸುತ್ತೇವೆ. ಇವಳಿಗೆ ಸ್ಟಾಫ್ ರೂಮಿನಲ್ಲಿ ಸ್ವಂತದ್ದೆಂದು ಒಂದು ಕುರ್ಚಿಯೂ ಇಲ್ಲ. ಯಾರು ರಜೆ ಹಾಕಿದ್ದಾರೋ ಅವತ್ತು ಅವರ ಕುರ್ಚಿ ಇವಳದು. ವರ್ಷಕ್ಕೊಮ್ಮೆ ಮತ್ತೆ ಅರ್ಜಿ, ಮತ್ತೆ ಅದೇ ಅಂಕಪಟ್ಟಿಗಳ ನಕಲು, ಮತ್ತೆ ಅದೇ "ನೋಡೋಣ ಮೇಡಂ".

ಅವಳು ಬೆಳೆದದ್ದು ಶಹಾಬಾದದಲ್ಲಿ, ಕಲ್ಲಿನ ಧೂಳಿನಲ್ಲಿ. ಅಪ್ಪ ನಾಮದೇವ ಮೂವತ್ತು ವರ್ಷದಿಂದ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕತ್ತರಿಸುವ ಯಾರ್ಡಿನಲ್ಲಿ ಕೆಲಸಕ್ಕಿದ್ದವನು. ನೆಲದಿಂದ ಎಬ್ಬಿಸಿದ ಕಲ್ಲಿನ ಹಾಸನ್ನು ಮಷಿನ್ನಿನ ಕೆಳಗೆ ತಳ್ಳಿ ಅಂಚು ಸರಿಮಾಡುವುದು ಅವನ ಕೆಲಸ. ಬ್ಲೇಡಿನ ಮೇಲೆ ನೀರು ಬಿಟ್ಟು ಕತ್ತರಿಸಿದರೆ ಧೂಳು ಏಳುವುದಿಲ್ಲ. ಇದು ಯಾರ್ಡಿನ ಮಾಲೀಕರಿಗೆ ಗೊತ್ತು, ಆಳುಗಳ ಮೇಸ್ತ್ರಿಯಾದ ಮುಕಾದಮನಿಗೆ ಗೊತ್ತು, ತಪಾಸಣೆಗೆ ಬರುವ ಸಾಹೇಬರಿಗೂ ಗೊತ್ತು. ಆದರೆ ನೀರಿಗೆ ಪೈಪು ಬೇಕು, ಪಂಪು ಬೇಕು, ಕೆಸರು ಎತ್ತುವ ಆಳು ಬೇಕು. ಧೂಳಿಗೆ ಏನೂ ಬೇಕಿಲ್ಲ, ಅದು ತಾನಾಗಿಯೇ ಮನುಷ್ಯನ ಮೂಗಿನೊಳಗೆ ಹೋಗಿ ಕೂರುತ್ತದೆ. ಆದ್ದರಿಂದ ಒಣ ಕಲ್ಲನ್ನೇ ಕತ್ತರಿಸುತ್ತ ಬಂದರು. ನಾಮದೇವನಿಗೆ ಈಗ ಐವತ್ತೆಂಟು. ಮನೆಯ ಮುಂದಿನ ಎರಡು ಮೆಟ್ಟಿಲು ಹತ್ತಿದರೆ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಡುತ್ತಾನೆ.

ರಾಧಿಕಾ ಕಾಲೇಜಿಗೆ ಸೇರಿದಾಗ ಅಲ್ಲಿಯ ಲ್ಯಾಬಿನಲ್ಲಿ ಹನ್ನೆರಡು ಕಂಪ್ಯೂಟರುಗಳಿದ್ದವು. ಅಂಕಿಅಂಶದ ಲೆಕ್ಕಕ್ಕೆಂದು ಯಾವುದೋ ಕಾಲದಲ್ಲಿ ದುಬಾರಿ ಬೆಲೆಯ ಪ್ಯಾಕೇಜೊಂದನ್ನು ತಂದು ಹಾಕಿದ್ದರು. ತೆರೆದರೆ ಅದು ಲೆಕ್ಕ ಮಾಡುತ್ತಿರಲಿಲ್ಲ, "ನಿಮ್ಮ ಲೈಸೆನ್ಸ್ ಅವಧಿ ಮುಗಿದಿದೆ" ಎಂದು ಹೇಳಿ ಸುಮ್ಮನಾಗುತ್ತಿತ್ತು. ನವೀಕರಣಕ್ಕೆ ಅವಳು ಎರಡು ವರ್ಷ ಪತ್ರ ಬರೆದಳು. ಉತ್ತರ ಬರಲಿಲ್ಲ. ಸೇಡಂ, ಮಳಖೇಡ, ಐನಾಪುರದಿಂದ ಬೆಳಗಿನ ಬಸ್ಸಿಗೆ ನೇತಾಡಿಕೊಂಡು ಬರುವ ಮಕ್ಕಳು ಪುಸ್ತಕದಲ್ಲಿದ್ದ ನಕ್ಷೆಗಳನ್ನು ಸ್ಕೇಲು ಹಿಡಿದು ನಕಲು ಮಾಡಿ, ಪ್ರಾಕ್ಟಿಕಲ್ ಮುಗಿಯಿತೆಂದು ಸಹಿ ಹಾಕಿಸಿಕೊಂಡು ಹೋಗುತ್ತಿದ್ದರು. ಸಹಿ ಹಾಕುವಾಗ ರಾಧಿಕಾಗೆ ಕೈ ಉರಿಯುತ್ತಿತ್ತು.

ಕಲಬುರಗಿಯಲ್ಲಿ ನಡೆದ ಒಂದು ತರಬೇತಿಯಲ್ಲಿ ಅವಳು ಮೊದಲ ಸಲ 'ಆರ್' ಎಂಬ ಸಾಫ್ಟ್‌ವೇರಿನ ಹೆಸರು ಕೇಳಿದಳು. ಹೆಸರು ಒಂದೇ ಅಕ್ಷರ. ಪುಕ್ಕಟೆ. ಜಗತ್ತಿನ ಬೇರೆ ಬೇರೆ ಮೂಲೆಯ ಸಂಖ್ಯಾಶಾಸ್ತ್ರಜ್ಞರು ಸೇರಿ ಕಟ್ಟಿದ್ದು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಳಗಿನ ಬರವಣಿಗೆಯನ್ನು ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಮರುದಿನ ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಕೂತು ಮೊಬೈಲಿನ ನೆಟ್‌ವರ್ಕಿನಿಂದಲೇ ತನ್ನ ಹಳೆಯ ಲ್ಯಾಪ್‌ಟಾಪಿಗೆ ಇಳಿಸಿಕೊಂಡಳು. ಚಿತ್ತಾಪುರದ ಗಾಡಿ ಬರುವಷ್ಟರಲ್ಲಿ ಅದು ಕೆಲಸ ಶುರು ಮಾಡಿತ್ತು.

ಪರೀಕ್ಷೆಗೆಂದು ಅವಳು ತನ್ನ ವಿದ್ಯಾರ್ಥಿಗಳ ಟೆಸ್ಟ್ ಅಂಕಗಳನ್ನು ಹಾಕಿ ಸರಾಸರಿ ಕೇಳಿದಳು. ಇಬ್ಬರು ಟೆಸ್ಟಿಗೆ ಬಂದಿರಲಿಲ್ಲ, ಅವರ ಜಾಗ ಖಾಲಿ ಇತ್ತು. ಸರಾಸರಿ ಗೊತ್ತಿಲ್ಲ ಎಂದಿತು ಆರ್. ಅವಳಿಗೆ ರೇಗಿತು. ಇದ್ದ ನಲವತ್ತು ಮಂದಿಯದು ಕೂಡಿಸಿ ಭಾಗಿಸಲು ಇದಕ್ಕೇನು ಧಾಡಿ ಎಂದುಕೊಂಡಳು. ಆಮೇಲೆ ತಿಳಿಯಿತು. ಇಬ್ಬರದು ಗೊತ್ತಿಲ್ಲವೆಂದ ಮೇಲೆ ಎಲ್ಲರ ಸರಾಸರಿ ಗೊತ್ತಾಗುವುದು ಹೇಗೆ? ಅವರನ್ನು ಬಿಟ್ಟು ಎಣಿಸಬೇಕಾದರೆ ಹಾಗೆಂದು ನೀನೇ ಬರೆದು ಕೊಡು, ನಾನಾಗಿ ಯಾರನ್ನೂ ಬಿಡುವುದಿಲ್ಲ ಎಂಬುದು ಅದರ ಹಟ. ಪ್ರಮಾಣಿತ ವಿಚಲನೆ ಹೇಗೆ ಲೆಕ್ಕ ಹಾಕುತ್ತೀ ಎಂದು ಕೇಳಿದರೆ ಸೂತ್ರವನ್ನೇ ಬಿಚ್ಚಿ ತೋರಿಸಿತು. ಏನನ್ನು ಕೇಳಿದರೂ ಮುಚ್ಚಿಡದೆ ತೋರಿಸುವವರನ್ನು ರಾಧಿಕಾ ತನ್ನ ನೌಕರಿಯಲ್ಲಿ ಅಷ್ಟಾಗಿ ಕಂಡಿರಲಿಲ್ಲ. ಅವತ್ತೇ ಅದರ ಮೇಲೆ ಪ್ರೀತಿ ಹುಟ್ಟಿತು.

ಒಂದು ಮಧ್ಯಾಹ್ನ ಪೆನ್ ಡ್ರೈವ್ ಹಿಡಿದು ಹನ್ನೆರಡೂ ಕಂಪ್ಯೂಟರಿಗೆ ಹಾಕಿದಳು. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ನೋಡಿದರು. "ಪುಕ್ಕಟೆ ಅಂದ್ರ ವೈರಸ್ ಗಿರಸ್ ಇರ್ತದೇನೋ ನೋಡ್ರಿ ಮೇಡಂ," ಎಂದರು. ಎರಡು ವರ್ಷ ಪತ್ರಕ್ಕೆ ಉತ್ತರ ಕೊಡಿಸದವರಿಗೆ ಅವತ್ತು ಕಂಪ್ಯೂಟರಿನ ಆರೋಗ್ಯದ ಚಿಂತೆ ಹತ್ತಿತ್ತು. ಅವಳು ಮುಂದಿನ ಕಂಪ್ಯೂಟರಿಗೆ ಪೆನ್ ಡ್ರೈವ್ ಚುಚ್ಚಿದಳು. ಆ ವರ್ಷ ಐನಾಪುರದ ಹುಡುಗಿಯೊಬ್ಬಳು ಚಿಂಚೋಳಿ ತಾಲೂಕಿನ ಇಪ್ಪತ್ತು ವರ್ಷದ ಮಳೆಯ ನಕ್ಷೆಯನ್ನು ತಾನೇ ಬರೆದು ತಂದಳು.

ಇದು ಹೀಗೆಯೇ ನಡೆದುಕೊಂಡು ಹೋಗಬಹುದಿತ್ತು. ಅಷ್ಟರಲ್ಲಿ ಯಾರ್ಡಿನಲ್ಲಿ ಉಸಿರಿನ ಪರೀಕ್ಷೆ ಬಂತು.

ಯಾರ್ಡಿನ ಕಾರ್ಮಿಕ ಸಂಘವನ್ನು ನಡೆಸುವವರು ಮಜೀದಸಾಬ. ನಾಮದೇವನ ವಾರಿಗೆಯವರು, ಅವನ ಪಕ್ಕದ ಮಷಿನ್ನಿನಲ್ಲೇ ದುಡಿಯುವವರು. ಅವರು ನಾಲ್ಕು ವರ್ಷ ಅರ್ಜಿ ಹಾಕುತ್ತಲೇ ಬಂದ ಮೇಲೆ ಕೊನೆಗೆ ಇಲಾಖೆಯೊಂದು ತಪಾಸಣೆಗೆ ಒಪ್ಪಿಕೊಂಡಿತು. ಒಬ್ಬೊಬ್ಬರೂ ಬಾಯಿಗೆ ಕೊಳವೆ ಇಟ್ಟು ಜೋರಾಗಿ ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಲೀಟರು ಗಾಳಿ ಹೊರಬಂತೆಂದು ಯಂತ್ರ ಹೇಳುತ್ತದೆ. ಎದೆ ಕೆಟ್ಟಿದೆಯೆಂದು ಸಾಬೀತಾದರೆ ಎರಡು ಕೆಲಸ ಆಗುತ್ತಿದ್ದವು. ಅಂಥವರ ಹೆಸರು ಧೂಳುರೋಗಿಗಳ ಪಟ್ಟಿಗೆ ಸೇರಿ ದೊಡ್ಡಾಸ್ಪತ್ರೆಯಲ್ಲಿ ಬದುಕಿರುವವರೆಗೆ ಔಷಧ ಸಿಗುತ್ತಿತ್ತು. ಮಷಿನ್ನುಗಳಿಗೆ ನೀರು ಕಡ್ಡಾಯವಾಗುತ್ತಿತ್ತು. ನಾಮದೇವನಿಗೆ ಆ ಪಟ್ಟಿಯಲ್ಲಿ ಹೆಸರು ಬರದಿದ್ದರೆ ಇನ್ನೊಂದು ಚಳಿಗಾಲ ಕಷ್ಟವೆಂದು ಡಾಕ್ಟರು ರಾಧಿಕಾಗೆ ಹೇಳಿದ್ದರು. ಪರೀಕ್ಷೆಯ ದಿನ ಅವಳಿಗೆ ಕಾಲೇಜಿನಲ್ಲಿ ಪರೀಕ್ಷಾ ಮೇಲ್ವಿಚಾರಣೆ ಇತ್ತು, ಹೋಗಲಾಗಲಿಲ್ಲ. ಸಂಜೆ ಬಂದು ಕೇಳಿದಾಗ ತಮ್ಮ ಪ್ರಬುದ್ಧ ಎಲ್ಲಾ ಆಯಿತು ಎಂದ.

ಮೂರು ತಿಂಗಳಿಗೆ ವರದಿ ಬಂತು. ಇನ್ನೂರ ಹನ್ನೆರಡು ಜನರ ತಪಾಸಣೆಯಾಗಿದೆ, ಶ್ವಾಸಕೋಶದ ಸ್ಥಿತಿ ಒಟ್ಟಾರೆ ಸಾಮಾನ್ಯವಾಗಿದೆ, ನೀರಿನ ವ್ಯವಸ್ಥೆಯ ಅಗತ್ಯ ಕಂಡುಬಂದಿಲ್ಲ. ಕೆಳಗೆ ಹೈದರಾಬಾದಿನಿಂದ ಕರೆಸಿದ ಪರಿಣತ ಸಂತೋಷಕುಮಾರ ಎಂಬವರ ಸಹಿ, ಅವರು ಬಳಸಿದ ದುಬಾರಿ ಪ್ಯಾಕೇಜಿನ ಹೆಸರು, ಅದರ ಆವೃತ್ತಿ ಸಂಖ್ಯೆ. ಅಗತ್ಯ ಕಂಡುಬಂದಿಲ್ಲವಂತೆ! ಯಾರ್ಡಿನ ಗೇಟಿನಲ್ಲಿ ಐದು ನಿಮಿಷ ನಿಂತಿದ್ದರೆ ಸಾಕಿತ್ತು, ಕೆಮ್ಮೇ ಅವರಿಗೆ ವರದಿ ಒಪ್ಪಿಸುತ್ತಿತ್ತು.

ಮಜೀದಸಾಬರು ಮಾಹಿತಿ ಹಕ್ಕಿನಲ್ಲಿ ಮೂಲ ಅಂಕಿಗಳನ್ನು ಕೇಳಿದರು. ಕಂಪ್ಯೂಟರಿನಲ್ಲಿದ್ದ ಕಡತವನ್ನೇ ಕೊಟ್ಟಿದ್ದರೆ ಒಂದು ಕ್ಷಣದ ಕೆಲಸ. ಇಲಾಖೆಯವರು ಅದನ್ನು ಇರುವೆ ಗಾತ್ರದ ಅಕ್ಷರದಲ್ಲಿ ಹದಿನಾಲ್ಕು ಹಾಳೆ ಮುದ್ರಿಸಿ ಕೊಟ್ಟರು. ಮಜೀದಸಾಬರು ಆ ಹಾಳೆಗಳನ್ನು ತಂದು ರಾಧಿಕಾಳ ಮುಂದಿಟ್ಟರು.

"ನೋಡವ್ವಾ ಬೇಟಿ, ನಿನ್ನ ಆ ಪುಕ್ಕಟೆ ಮಷಿನ್ನಿಗಿ ಇದೇನರೆ ತಿಳೀತದೇನು ಕೇಳು. ನಮಗಂತೂ ಅಕ್ಷರನೇ ಕಾಣವಲ್ದು."

ಅವಳು ವಾಡಿಯ ಬೆಂಚಿನ ಮೇಲೆ ಒಂದೊಂದೇ ಸಾಲನ್ನು ಲ್ಯಾಪ್‌ಟಾಪಿಗೆ ಹೊಡೆಯತೊಡಗಿದಳು. ಹೆಸರು, ವಯಸ್ಸು, ಎತ್ತರ, ತೂಕ, ಉಸಿರು. ನಾಲ್ಕನೇ ದಿನ ಎಂಬತ್ತೆಂಟನೇ ಸಾಲಿಗೆ ಬಂದಳು. ನಾಮದೇವ, ಐವತ್ತೆಂಟು ವರ್ಷ, ಎತ್ತರ ನೂರಾ ಎಪ್ಪತ್ತೆರಡು ಸೆಂಟಿಮೀಟರ್, ಉಸಿರು ಮೂರು ಲೀಟರು ಎಂಟುನೂರು.

ಅವಳ ಅಪ್ಪ ಅವಳ ಪಕ್ಕ ನಿಂತರೆ ಅವಳ ಕಿವಿಯವರೆಗೂ ಬರುವುದಿಲ್ಲ. ಚಿತ್ತಾಪುರದ ಗಾಡಿ ಬಂದು ನಿಂತಿತು, ಹೊರಟೂ ಹೋಯಿತು. ರಾಧಿಕಾ ಬೆಂಚಿನಿಂದ ಏಳಲಿಲ್ಲ.

ಅವತ್ತು ಕಾಲೇಜಿಗೆ ಹೋಗದೆ ಮನೆಗೆ ತಿರುಗಿ ಬಂದಳು. ಪ್ರಬುದ್ಧ ಅಂಗಳದಲ್ಲಿ ಬೈಕು ತೊಳೆಯುತ್ತಿದ್ದ. ಅವನು ಆರಡಿಗೆ ನಾಲ್ಕು ಬೆರಳು ಕಡಿಮೆ.

"ಅಪ್ಪನ ಹೆಸರಿನ್ಯಾಗ ಯಾರು ಊದ್ಯಾರ?"

"ಯಾಕಕ್ಕ?"

"ಕೇಳಿದ್ದಕ್ಕ ಹೇಳು."

"ನಾನೇ. ಬದಲಿ ಹೋಗಿದ್ನಿ. ಅದರಾಗೇನದ?"

ಅವನ ಮುಖದಲ್ಲಿ ತಪ್ಪು ಮಾಡಿದ ಲಕ್ಷಣವೇ ಇರಲಿಲ್ಲ. ಇರುವುದಕ್ಕೆ ಕಾರಣವೂ ಇಲ್ಲ. ಯಾರ್ಡಿನಲ್ಲಿ ಹಾಜರಿ ಪುಸ್ತಕದಲ್ಲಿರುವ ಹೆಸರು ಒಬ್ಬ ಮನುಷ್ಯನದಲ್ಲ, ಒಂದು ಮನೆಯದು. ನಾಮದೇವನಿಗೆ ಜ್ವರ ಬಂದ ವಾರ ಹೆಂಡತಿ ರಮಾಬಾಯಿ ಅವನ ಹೆಸರಿನಲ್ಲಿ ಕಲ್ಲು ಹೊತ್ತಿದ್ದಾಳೆ. ಪ್ರಬುದ್ಧ ಹದಿನೆಂಟು ತುಂಬಿದಾಗಿನಿಂದ ವಾರಕ್ಕೆರಡು ದಿನ ಅದೇ ಹೆಸರಿನಲ್ಲಿ ಮಷಿನ್ನಿಗೆ ನಿಂತಿದ್ದಾನೆ. ಒಬ್ಬರಿಗೆ ಆಗದಿದ್ದರೆ ಇನ್ನೊಬ್ಬರು ಹೋಗಬೇಕು, ಹೆಸರು ಮಾತ್ರ ಉಳಿಯಬೇಕು. ಅದಕ್ಕೆ ಬದಲಿ ಎನ್ನುತ್ತಾರೆ. ಮುಕಾದಮ ಶಿವರಾಯನಿಗೂ ಅದು ಗೊತ್ತು, ಕೆಲಸ ನಡೆದರೆ ಸಾಕು ಅವನಿಗೆ. ಉಸಿರಿನ ಪರೀಕ್ಷೆಯ ಹಿಂದಿನ ದಿನ ಅವನು ಎಲ್ಲರನ್ನೂ ಕರೆದು, ಊದಲಿಕ್ಕೆ ಆಗದವರ ಹೆಸರು ಪುಸ್ತಕದಲ್ಲಿ ಉಳಿಯುವುದಿಲ್ಲ ಎಂದು ಹೇಳಿದ್ದ. ಮರುದಿನ ಮುದುಕರ ಹೆಸರಿನಲ್ಲಿ ಮಕ್ಕಳು, ಅಳಿಯಂದಿರು, ತಮ್ಮಂದಿರು ಬಂದು ಎದೆ ತುಂಬ ಊದಿ ಹೋದರು. ಕಲ್ಲು ಹೊರಲು ಬದಲಿ ನಡೆಯುವುದಾದರೆ ಊದಲು ಯಾಕೆ ನಡೆಯಬಾರದು?

"ನಾ ಊದಿದ್ರ ಶಿವರಾಯ ಅವತ್ತೇ ನನ್ನ ಹೆಸರು ಹೊಡೀತಿದ್ದ," ಒಳಗಿನಿಂದ ನಾಮದೇವ ಹೇಳಿದ. ಒಂದು ವಾಕ್ಯಕ್ಕೆ ಅವನಿಗೆ ಮೂರು ಉಸಿರು ಬೇಕಿತ್ತು. "ಹೆಸರು ಹೋದ್ರ ಮನೀನೇ ಹೋದಂಗವ್ವಾ."

"ಅಪ್ಪಾ, ನೀ ಊದಿದ್ರ ಪಟ್ಟಿನಾಗ ಬರ್ತಿದ್ದಿ. ನಿನಗ ಔಷಧ ಸಿಗ್ತಿತ್ತು."

"ಪಟ್ಟಿ ಎಲ್ಲದ? ಹಾಜರಿ ಪುಸ್ತಕ ಕಣ್ಣಿಗಿ ಕಾಣ್ತದ."

ಅವಳಿಗೆ ಅಪ್ಪನ ಮೇಲೆ ಸಿಟ್ಟು ಬರಲಿಲ್ಲ. ರೋಗ ಇದೆಯೇ ಎಂದು ಕೇಳಲು ಬರುವ ಮೊದಲೇ, ಇದೆ ಎಂದವನ ಅನ್ನ ಕಸಿಯುತ್ತೇವೆಂದು ಹೆದರಿಸಿಟ್ಟವರ ಮೇಲೆ ಸಿಟ್ಟು ಬಂತು. ಐವತ್ತೆಂಟರ ಕಲ್ಲುಕೆಲಸದವನು ಮೂರು ಲೀಟರು ಎಂಟುನೂರು ಊದಿದನೆಂದು ಬರೆದುಕೊಳ್ಳುವಾಗ ತಲೆಯೆತ್ತಿ ಎದುರಿಗಿದ್ದವನ ಮುಖ ನೋಡದ ಬಾಬುಗಳ ಮೇಲೆ ಬಂತು. ತಂಪು ಕೋಣೆಯಲ್ಲಿ ಕೂತು ಆ ಅಂಕಿಯನ್ನು ಗುಂಡಿ ಒತ್ತಿ ಸಾಮಾನ್ಯವೆಂದು ಬರೆದ ಪರಿಣತನ ಮೇಲೆ ಎಲ್ಲರಿಗಿಂತ ಹೆಚ್ಚು ಬಂತು.

ಇನ್ನೂರ ಹನ್ನೆರಡೂ ಸಾಲು ಮುಗಿಸಿ ಅವಳು ವಯಸ್ಸು ಒಂದು ಕಡೆ, ಉಸಿರು ಒಂದು ಕಡೆ ಇಟ್ಟು ಚುಕ್ಕಿಗಳ ನಕ್ಷೆ ಬರೆಸಿದಳು. ಎಲ್ಲಿಯ ಮನುಷ್ಯರಾದರೂ ವಯಸ್ಸು ಏರಿದಂತೆ ಉಸಿರು ಇಳಿಯುತ್ತದೆ. ಈ ಯಾರ್ಡಿನಲ್ಲಿ ನಲವತ್ತೈದು ದಾಟಿದ ಮೇಲೆ ಉಸಿರು ಮತ್ತೆ ಏರಿತ್ತು. ಅರವತ್ತರ ಗಡ್ಡದವರು ಇಪ್ಪತ್ತೈದರ ಹುಡುಗರ ಸಾಲಿನಲ್ಲಿ ನಿಂತಿದ್ದರು. ಸಂಖ್ಯಾಶಾಸ್ತ್ರ ಬರದವರಿಗೂ ಅದು ಕಣ್ಣಿಗೆ ರಾಚುತ್ತಿತ್ತು. ಪರಿಣತ ಈ ನಕ್ಷೆಯನ್ನು ಬರೆದೇ ಇರಲಿಲ್ಲ, ಸರಾಸರಿ ತೆಗೆದು ಮನೆಗೆ ಹೋಗಿದ್ದ.

ಆದರೆ ಅನುಮಾನ ಸಾಕ್ಷಿಯಲ್ಲ. ನಲವತ್ತೈದು ದಾಟಿದವರು ಅರವತ್ತೊಂದು ಮಂದಿ ಇದ್ದರು. ರಾಧಿಕಾ ತನ್ನ ನಾಲ್ವರು ವಿದ್ಯಾರ್ಥಿನಿಯರನ್ನು ಕರೆದುಕೊಂಡು, ದರ್ಜಿ ಟೇಪು ಹಿಡಿದು, ಮೂರು ಭಾನುವಾರ ಮನೆಮನೆಗೆ ತಿರುಗಿದಳು. ಯಾರನ್ನೂ ಏನೂ ಪ್ರಶ್ನೆ ಮಾಡಲಿಲ್ಲ. ಗೋಡೆಗೆ ಒರಗಿಸಿ ಎತ್ತರ ಅಳೆದಳು, ಬರೆದುಕೊಂಡಳು. ಮನುಷ್ಯ ಏನು ಬೇಕಾದರೂ ಬದಲಿಸಬಹುದು, ನಾಲ್ಕಾರು ತಿಂಗಳಲ್ಲಿ ಒಂದು ಗೇಣು ಕುಳ್ಳಾಗಲು ಬರುವುದಿಲ್ಲ. ನಲವತ್ತಮೂರು ಜನರ ಎತ್ತರ ತಪಾಸಣೆಯ ಹಾಳೆಯೊಂದಿಗೆ ಹೊಂದಲಿಲ್ಲ. ಅದರಲ್ಲಿ ಮಜೀದಸಾಬರೂ ಒಬ್ಬರು. ಅವರು ಟೇಪಿನ ಕೆಳಗೆ ನಿಂತು ತಲೆ ತಗ್ಗಿಸಿದರು.

"ಅರ್ಜಿ ಹಾಕಿದವನೂ ನಾನೇ, ಬದಲಿ ಕಳಿಸಿದವನೂ ನಾನೇ," ಎಂದರು. "ಅಂಜಿದ್ನಿ ಬೇಟಿ."

ವರದಿಯ ಮೇಲಿನ ಆಕ್ಷೇಪ ಕೇಳಲು ಶಹಾಬಾದದಲ್ಲೇ ಸಭೆ ಕರೆದರು. ಮೇಜಿನ ಆ ಕಡೆ ಇಲಾಖೆಯ ಅಧಿಕಾರಿ ಬಸವಂತರಾಯ, ಪಕ್ಕದಲ್ಲಿ ಪರಿಣತ ಸಂತೋಷಕುಮಾರ. ಈ ಕಡೆ ರಾಧಿಕಾ, ಮಜೀದಸಾಬ. ಯಾರ್ಡಿನ ಪರವಾಗಿ ಶಿವರಾಯ ಗೋಡೆಗೆ ಒರಗಿ ನಿಂತಿದ್ದ. ಅವಳು ಹೆಸರುಗಳನ್ನೆಲ್ಲ ತೆಗೆದು, ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಕೊಟ್ಟು, ನಕ್ಷೆಗಳನ್ನೂ ಹೊಂದದ ನಲವತ್ತಮೂರು ಎತ್ತರಗಳನ್ನೂ ಮುದ್ರಿಸಿಕೊಂಡು ತಂದಿದ್ದಳು. ಸಂತೋಷಕುಮಾರ ಹಾಳೆ ತಿರುವಿ ಹಾಕಿ, ಕೊನೆಯ ಪುಟದಲ್ಲಿದ್ದ 'ಆರ್' ಎಂಬ ಹೆಸರಿನ ಮೇಲೆ ಬೆರಳಿಟ್ಟ.

"ಇದು ಓಪನ್ ಸೋರ್ಸ್. ಫ್ರೀ ಸಾಫ್ಟ್‌ವೇರು. ಇದನ್ನ ಸರ್ಕಾರಿ ದಾಖಲೆಗೆ ಹೇಗೆ ತಗೊಳ್ಳೋದು ಸಾರ್?"

ಬಸವಂತರಾಯರು ಕನ್ನಡಕದ ಮೇಲಿನಿಂದ ನೋಡಿದರು. "ಲೈಸೆನ್ಸ್ ಅದನೇನ್ರಿ ಮೇಡಂ ನಿಮ್ಮ ಸಾಫ್ಟ್‌ವೇರಿಗಿ?"

"ಅದರಿ ಸರ್. ಯಾರರೆ ಬಳಸಬಹುದು, ಯಾರರೆ ಒಳಗ ಬಿಚ್ಚಿ ನೋಡಬಹುದು ಅಂತ ಬರದದ್ದೇ ಅದರ ಲೈಸೆನ್ಸ್."

"ಪುಕ್ಕಟೆ ಬಂದದ್ದಕ್ಕ ಜವಾಬ್ದಾರಿ ಯಾರ್ದು?"

ಪುಕ್ಕಟೆ! ಆ ಒಂದು ಮಾತು ಅವಳ ನೆತ್ತಿಗೇರಿತು. ಮೂವತ್ತು ವರ್ಷ ಯಾರ್ಡಿನವರು ಅಪ್ಪನ ಉಸಿರನ್ನು ಪುಕ್ಕಟೆ ತೆಗೆದುಕೊಂಡಿದ್ದರು, ಆಗ ಜವಾಬ್ದಾರಿ ಯಾರದೆಂದು ಯಾವ ಮೇಜಿನ ಹಿಂದಿನಿಂದಲೂ ಪ್ರಶ್ನೆ ಬಂದಿರಲಿಲ್ಲ.

"ಸರ್, ಇವರ ಸರಾಸರಿನೂ ನನ್ನ ಸರಾಸರಿನೂ ಒಂದೇ ಅದ. ಮೂರನೇ ಪುಟ ನೋಡ್ರಿ. ಕೊನೀ ಅಂಕಿ ಸೈತ ತಪ್ಪಿಲ್ಲ. ಸಾಫ್ಟ್‌ವೇರಿಂದು ಜಗಳೇ ಅಲ್ಲ. ನಾ ಏನೇನು ಮಾಡೀನಿ ಅನ್ನೋದು ಒಂದೊಂದು ಸಾಲೂ ಇಲ್ಲಿ ಬರದೀನಿ, ಯಾರರೆ ಮನ್ಯಾಗ ಕುಂತು ಮತ್ತ ಮಾಡಿ ನೋಡ್ಬಹುದು. ಇವರು ಏನು ಮಾಡ್ಯಾರ ಅಂತ ತೋರಸ್ಲಿ."

"ಅದು ನಮ್ಮ ಸಂಸ್ಥೆಯ ಒಳಗಿನ ವಿಧಾನ," ಎಂದ ಸಂತೋಷಕುಮಾರ. "ಹಂಚಿಕೊಳ್ಳೋ ಹಾಗಿಲ್ಲ."

"ಇನ್ನೂರ ಹನ್ನೆರಡು ಮಂದಿ ಎದಿ ಬಿಚ್ಚಿ ತೋರ್ಸ್ಯಾರ. ನಿಮಗ ಒಂದು ಹಾಳಿ ತೋರ್ಸ್ಲಿಕ್ಕ ಆಗಂಗಿಲ್ಲೇನ್ರಿ?"

ಬಸವಂತರಾಯರು ದಡ್ಡರಲ್ಲ. ಚುಕ್ಕಿಗಳ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದರು, ಅವರಿಗೆ ಅರ್ಥವಾಯಿತು. ಅರ್ಥವಾದದ್ದರಿಂದಲೇ ಮುಂದಿನ ಮಾತು ಇನ್ನೂ ಹೊಲಸಾಗಿತ್ತು.

"ಅಂದ್ರ ನಲವತ್ತಮೂರು ಮಂದಿ ಸರ್ಕಾರಕ್ಕ ಮೋಸ ಮಾಡ್ಯಾರ ಅಂದಂಗಾಯ್ತು. ಹೆಸರು ಕೊಡ್ರಿ. ಕ್ರಮ ತಗೋತೀವಿ."

ಶಿವರಾಯ ಗೋಡೆಯಿಂದ ಬೆನ್ನೆತ್ತಿ ನಿಂತ. ರಾಧಿಕಾ ಹಾಳೆಗಳನ್ನು ತನ್ನ ಕಡೆಗೆ ಎಳೆದುಕೊಂಡಳು.

"ಕೊಡಂಗಿಲ್ರಿ."

"ಹೆಸರಿಲ್ಲದ ಲೆಕ್ಕ ನಮಗ ಬ್ಯಾಡ. ವರದಿ ಇದ್ದಂಗೇ ಇರ್ತದ. ನೀವು ಗೆಸ್ಟ್ ಲೆಕ್ಚರರ್ ಅಲ್ಲೇನ್ರಿ? ಈ ವರ್ಷದ ಅರ್ಜಿ ಹಾಕೀರಿ?"

ಬೆದರಿಕೆಯನ್ನು ಯೋಗಕ್ಷೇಮ ವಿಚಾರಿಸಿದಂತೆ ಕೇಳುವ ಕಲೆ ಈ ಜನರಿಗೆ ಯಾವ ತರಬೇತಿಯಲ್ಲಿ ಸಿಗುತ್ತದೋ! ಹಾಕಿದ್ದೇನೆ ಎಂದು ಹೇಳಿ ಅವಳು ಎದ್ದು ಬಂದಳು.

ಮನೆಯಲ್ಲಿ ಎರಡು ದಿನ ನಾಮದೇವ ಅವಳೊಂದಿಗೆ ಮಾತಾಡಲಿಲ್ಲ. ಮೋಸಗಾರರು ಎಂಬ ಮಾತು ಯಾರ್ಡಿನ ತುಂಬ ಹಬ್ಬಿತ್ತು. ಮೂರನೇ ದಿನ ಬೆಳಿಗ್ಗೆ ಅವನು ಬಿಳಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದ. ಮಜೀದಸಾಬರು ಆಟೋ ತಂದಿದ್ದರು. ಹಿಂದೆ ಇನ್ನೂ ಐದು ಆಟೋ ನಿಂತಿದ್ದವು.

"ಎಲ್ಲಿಗಿ ಹೊಂಟೀಪ್ಪಾ?"

"ಆಫೀಸಿಗಿ. ನೀ ಹೆಸರು ಕೊಡಲಿಲ್ಲಂತ. ಛಲೋ ಮಾಡ್ದಿ. ನಮ್ಮ ಹೆಸರು ನಾವೇ ಕೊಡ್ತೀವಿ. ಮೋಸ ಅಂದ್ನಲ್ಲ ಅಂವ, ನನ್ನ ಮುಂದ ಅನ್ಲಿ."

ನಲವತ್ತಮೂರರಲ್ಲಿ ಇಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಇಬ್ಬರು ಬರಲಿಲ್ಲ. ಮೂವತ್ತೊಂಬತ್ತು ಜನ ಇಲಾಖೆಯ ಮೆಟ್ಟಿಲುಗಳನ್ನು ಹತ್ತಿದರು. ಹದಿನಾರು ಮೆಟ್ಟಿಲು. ಅದನ್ನು ಹತ್ತಲು ಅವರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಮೇಲೆ ಕೂತವರೆಲ್ಲ ಎದ್ದು ಬಂದು ನೋಡಿದರು. ಬಸವಂತರಾಯರೂ ತಮ್ಮ ಕೋಣೆಯಿಂದ ಹೊರಬಂದು ನಿಂತರು, ಮೋಸದ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ. ಇಪ್ಪತ್ತು ದಿನದೊಳಗೆ ಮರುಪರೀಕ್ಷೆಗೆ ಆದೇಶ ಹೊರಟಿತು.

ಮರುಪರೀಕ್ಷೆಯ ದಿನ ರಾಧಿಕಾ ರಜೆ ಹಾಕಿ ಅಪ್ಪನ ಪಕ್ಕ ನಿಂತಳು. ಅವನು ಕೊಳವೆಯನ್ನು ಬಾಯಿಗಿಟ್ಟು ಊದಿದ. ಒಂದು ಲೀಟರು ನೂರು. ಸಿಸ್ಟರು ಇನ್ನೊಮ್ಮೆ ಎಂದರು. ಮತ್ತೆ ಅಷ್ಟೇ. ಮೂರನೆಯ ಸಲ ಕೆಮ್ಮು ಹತ್ತಿ ಕುರ್ಚಿಯಿಂದ ಜಾರಿದ. ಎತ್ತಿ ಕೂರಿಸಿದಾಗ ಅವನು ಸಿಸ್ಟರಿಗೆ ಕೈ ಮುಗಿದು, "ತಪ್ಪಾಯ್ತವ್ವಾ, ಜರಾ ತಡೀ, ಸರಿಯಾಗಿ ಊದ್ತೀನಿ," ಎಂದ. ತಪ್ಪಾಯಿತಂತೆ. ಊರಿನವರ, ಪರವೂರಿನವರ ಮನೆಯ ನೆಲಕ್ಕೆಲ್ಲ ಕಲ್ಲು ಕತ್ತರಿಸಿಕೊಟ್ಟು ಎದೆ ಕಳೆದುಕೊಂಡವನು ತಪ್ಪಾಯಿತು ಎನ್ನುತ್ತಿದ್ದ. ರಾಧಿಕಾ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತಳು, ಅಳು ಮುಗಿದ ಮೇಲೆ ಒಳಗೆ ಬಂದು ಅಂಕಿ ಬರೆದುಕೊಂಡಳು.

ಮೂವತ್ತಾರು ಹೆಸರುಗಳು ಧೂಳುರೋಗಿಗಳ ಪಟ್ಟಿಗೆ ಬಂದವು. ಔಷಧ ಸಿಕ್ಕಿತು. ನೀರಿನ ಪೈಪು ಹಾಕಲು ಯಾರ್ಡಿಗೆ ಆರು ತಿಂಗಳ ಗಡುವು ಸಿಕ್ಕಿತು. ಸಂಘದವರು ಪೇಢೆ ಹಂಚಿದರು. ಸಂತೋಷಕುಮಾರನ ಹಳೆಯ ವರದಿಯನ್ನು ಸದ್ದಿಲ್ಲದೆ ಹಿಂದಕ್ಕೆ ತೆಗೆದುಕೊಂಡರು, ತಪ್ಪು ಯಾರದೆಂದು ಎಲ್ಲಿಯೂ ಬರೆಯಲಿಲ್ಲ.

ಪಟ್ಟಿಯನ್ನು ಗೇಟಿಗೆ ಅಂಟಿಸಿದ ಮುಂದಿನ ಸೋಮವಾರ ಪ್ರಬುದ್ಧ ಎಂದಿನಂತೆ ಅಪ್ಪನ ಹೆಸರಿನಲ್ಲಿ ಕೆಲಸಕ್ಕೆ ಹೋಗಿ, ಹೋದ ಹಾಗೆಯೇ ತಿರುಗಿ ಬಂದ. ಹಾಜರಿ ಪುಸ್ತಕದಲ್ಲಿ ನಾಮದೇವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದಿತ್ತು. ರಾಧಿಕಾ ನೇರ ಯಾರ್ಡಿಗೆ ಹೋದಳು. ಶಿವರಾಯ ಸಮಾಧಾನದಲ್ಲಿ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ.

"ರೋಗಿಗಳನ್ನ ಕೆಲಸಕ್ಕಿಟ್ಕೊಂಡ್ರ ನಮ್ಮ ಮ್ಯಾಲೆ ಕೇಸ್ ಆಗ್ತದಲ್ಲೇನವ್ವಾ? ಸರ್ಕಾರದ ಪಟ್ಟಿನೇ ಅದ, ಗೇಟಿಗಿ ಹಚ್ಯಾರ. ಪಟ್ಟಿ ಬೇಕು ಅಂತ ಕುಣಿದವರು ನೀವೇ. ನಂದೇನದ ಇದರಾಗ?"

"ನನ್ನ ತಮ್ಮಗ ರೋಗ ಇಲ್ಲ. ಅಂವನ ಹೆಸರು ಬರಕೋ."

"ಹೊಸ ಹೆಸರು ಬರಕೊಳ್ಳಂಗಿಲ್ಲ, ಇನ್ನ ಬದಲಿ ಗಿದಲಿ ನಡಿಯಂಗಿಲ್ಲ. ನೀನೇ ಹಿಡ್ದು ಕೊಟ್ಟಿ ಅಲ್ಲೇನು, ಲೆಕ್ಕ ಮಾಡಿ?"

ಶಿವರಾಯನ ಮಾತಿನ ಒಂದೊಂದು ಶಬ್ದವೂ ನಿಜವಾಗಿತ್ತು, ಒಟ್ಟು ಮಾತು ಹಸಿ ಸುಳ್ಳಾಗಿತ್ತು. ಮನೆಗೆ ಬಂದವಳು ಊಟ ಮಾಡಲಿಲ್ಲ. ತಾನು ಬಿಚ್ಚಿ ತೋರಿಸಿದ್ದನ್ನೇ ಹಿಡಿದುಕೊಂಡು ಅವರು ಮೂವತ್ತಾರು ಮನೆಗಳ ಬಾಗಿಲು ಮುಚ್ಚುತ್ತಿದ್ದಾರೆಂಬ ಸಂಕಟ ಅವಳನ್ನು ಕೊರೆಯುತ್ತಿತ್ತು. ನಾಮದೇವ ಮಂಚದ ಮೇಲೆ ದಿಂಬಿಗೆ ಒರಗಿದ್ದ. ಹೊಸ ಔಷಧದಿಂದ ಒಂದು ವಾಕ್ಯ ಒಂದೇ ಉಸಿರಿನಲ್ಲಿ ಆಡಲು ಬರುತ್ತಿತ್ತು ಅವನಿಗೆ.

"ನಿನ್ನ ಆ ಕಂಪ್ಯೂಟರ್ ತಗೊಂಡು ಇಲ್ಲಿ ಬಾ."

ಅವಳು ಲ್ಯಾಪ್‌ಟಾಪ್ ತಂದು ಅಪ್ಪನ ಕಾಲ ಬಳಿ ಕೂತಳು.

"ಅದರಾಗ ಖಾನೆ ಖಾನೆ ಇರ್ತಾವಲ್ಲ. ವಯಸ್ಸಿಂದೊಂದು, ಉಸಿರಿಂದೊಂದು. ಇನ್ನೊಂದು ಖಾನೆ ಹಾಕ್ಲಿಕ್ಕ ಬರ್ತದೇನು?"

"ಬರ್ತದಪ್ಪಾ."

"ಹಾಕು. ಯಾರ್ಯಾರ್ನ ಯಾವ ದಿವಸ ತಗದ್ರು, ಅದು ಬರಿ. ಪಟ್ಟಿ ಹಚ್ಚಿದ ಮ್ಯಾಲೆ ತಗದಾರೋ, ಮೊದ್ಲೋ, ಎಲ್ಲಾ ಕಾಣ್ಲಿ. ಮಜೀದಗ ಶನಿವಾರನೇ ತಗದಾರ. ಮತ್ತ ಆಫೀಸಿನ ಆ ದೊಡ್ಡ ಸಾಹೇಬಗೇ ಒಯ್ದು ಕೊಡು."

ಅವಳು ಖಾನೆ ತೆರೆದಳು. ಬೆರಳು ಅಲ್ಲಿಯೇ ನಿಂತಿತು.

"ಸಂಖ್ಯೆ ಹಾಕ್ಲ್ಯಾ ಅಪ್ಪಾ, ಹೋದಸಲದಂಗ? ಹೆಸರು ಬ್ಯಾಡಲ್ಲ?"

"ಹೆಸರೇ ಬರಿ," ಎಂದ ನಾಮದೇವ. "ಹಾಜರಿ ಪುಸ್ತಕದಾಗಂತೂ ಇಲ್ಲ. ಇಲ್ಲ್ಯಾರೆ ಇರ್ಲಿ."

ರಾಧಿಕಾ ಅಪ್ಪನ ಹೆಸರು ಬರೆದಳು, ಎದುರಿಗೆ ಸೋಮವಾರದ ತಾರೀಖು ಬರೆದಳು. ಆಮೇಲೆ ಮೂಗು ಒರೆಸಿಕೊಂಡು, "ಮುಂದ ಹೇಳಪ್ಪಾ, ಇನ್ನ್ಯಾರ್ನ ತಗದಾರ?" ಎಂದು ಕೇಳಿದಳು.